ಮೊದಲು ಕೂತವಳು

ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಎದುರಿಗೆ ಕಾಣುವುದು ದೊಡ್ಡಕ್ಕನ ಫೋಟೋ. ಗೋಡೆ ತುಂಬ ಹಿಗ್ಗಿಸಿದ ಕಪ್ಪು ಬಿಳುಪಿನ ಚಿತ್ರ. ಅದರಲ್ಲಿ ಅವಳು ಎಳೆ ಹುಡುಗಿ. ಬಟ್ಟೆಯ ಥಾನುಗಳ ನಡುವೆ ನೆಲದ ಮೇಲೆ ಕೂತಿದ್ದಾಳೆ, ಮುಖ ಮೇಲೆತ್ತಿದ್ದಾಳೆ, ಹಲ್ಲು ಕಚ್ಚಿದ್ದಾಳೆ. ಕೆಳಗೆ ದಪ್ಪಕ್ಷರದಲ್ಲಿ 'ಮೊದಲು ಕೂತವಳು' ಎಂದು ಬರೆದಿದೆ. ಫೋಟೋ ನೋಡಿ ಕಣ್ಣು ಕೆಳಗಿಳಿಸಿದರೆ ಕಾಣುವುದೂ ದೊಡ್ಡಕ್ಕನೇ. ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ಸಂಜೆ ಬಾಗಿಲು ಹಾಕುವವರೆಗೆ ಅದರ ಕೆಳಗೆ ನಿಂತಿರುತ್ತಾಳೆ. ಆ ಮಹಡಿಯ ಮೇಲ್ವಿಚಾರಣೆ ಅವಳದು. ಮಾರಾಟದ ಹುಡುಗಿಯರಲ್ಲಿ ಯಾರೂ ಕೂರದಂತೆ ನೋಡಿಕೊಳ್ಳುವುದೇ ಆ ಕೆಲಸದ ಮುಖ್ಯ ಭಾಗ.

ಇದರಲ್ಲಿ ಒಂದು ತಮಾಷೆ ಇದೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊದಮೊದಲು ಅವಳೇ ನಕ್ಕಿದ್ದಳು. ಆಮೇಲೆ, ನಗುವುದಕ್ಕೂ ಮಂಡಿಯಲ್ಲಿ ಬಲ ಬೇಕು ಎನ್ನುವ ವಯಸ್ಸು ಬಂತು.

ಕಾನೂನು ಇರಲಿಲ್ಲವೆಂದಲ್ಲ. ಆ ಫೋಟೋದ ಪುಣ್ಯದಿಂದಲೇ ಬಂದ ಕಾನೂನು: ಅಂಗಡಿಯಲ್ಲಿ ನಿಂತು ದುಡಿಯುವ ಪ್ರತಿಯೊಬ್ಬರಿಗೂ ಒಂದೊಂದು ಆಸನ ಇಡತಕ್ಕದ್ದು. ಇಟ್ಟಿದ್ದರು. ಪ್ರತಿ ಕೌಂಟರಿನ ಹಿಂದೆಯೂ ಒಂದು ಸ್ಟೂಲು. ತಪಾಸಣೆಯವರು ಬಂದು, ಬಗ್ಗಿ ನೋಡಿ, ತೃಪ್ತರಾಗಿ ಹೋಗುತ್ತಿದ್ದರು. ಲೈನಿಂಗ್ ಬಟ್ಟೆಯ ಕೌಂಟರಿನ ಸ್ಟೂಲಿನ ಮೇಲೆ ತುಂಡುಬಟ್ಟೆಯ ಗಂಟು, ಪರದೆ ಕೌಂಟರಿನದರ ಮೇಲೆ ಪ್ಲಾಸ್ಟಿಕ್ ಹೂಕುಂಡ, ಗುಂಡಿ ಕೌಂಟರಿನದರ ಮೇಲೆ ಗುಂಡಿ ಡಬ್ಬಗಳ ಗೋಪುರ. ಆಸನ ಇಡಬೇಕೆಂದು ಕಾನೂನು ಹೇಳಿತ್ತೇ ಹೊರತು ಅದು ಖಾಲಿ ಇರಬೇಕೆಂದು ಎಲ್ಲೂ ಹೇಳಿರಲಿಲ್ಲ. ಇಡೀ ಅಂಗಡಿಯಲ್ಲಿ ಒಂದು ಗಳಿಗೆಯೂ ಬಿಡುವಿಲ್ಲದೆ ದುಡಿಯುತ್ತಿದ್ದವು ಆ ಸ್ಟೂಲುಗಳೇ.

ಫೋಟೋದಲ್ಲಿರುವ ಆ ದಿನದ ವಾರ್ಷಿಕೋತ್ಸವದ ಹಿಂದಿನ ದಿನ ಬೆಳಿಗ್ಗೆ ಚಿಕ್ಕ ಯಜಮಾನ ಅವಳನ್ನು ಮೇಲಿನ ಕೋಣೆಗೆ ಕರೆಸಿದ. ದೊಡ್ಡ ಯಜಮಾನರು ತೀರಿಹೋಗಿ ಬಹುಕಾಲವಾಗಿತ್ತು, ಇವನ ತಲೆಯೂ ನರೆತಿತ್ತು. ಆದರೂ ಅಂಗಡಿಯವರ ಬಾಯಲ್ಲಿ ಚಿಕ್ಕ ಯಜಮಾನನೇ. ಕೆಟ್ಟವನಲ್ಲ. ಗಟ್ಟಿಯಾಗಿ ಮಾತಾಡಿದವನೂ ಅಲ್ಲ. ಬೈಯುವ ಕೆಲಸವಿದ್ದರೆ ಅದನ್ನು ಇನ್ನೊಬ್ಬರ ಬಾಯಿಂದ ಮಾಡಿಸುವಷ್ಟು ಸಂಕೋಚ ಅವನಿಗಿತ್ತು.

"ಬನ್ನಿ ಅಕ್ಕ. ಇದೊಂದು ನೋಡಿ," ಎಂದು ಕ್ಯಾಮೆರಾದ ಪರದೆ ತೋರಿಸಿದ.

ಪರದೆಯಲ್ಲಿ ಗುಂಡಿ ಕೌಂಟರು. ಅಲ್ಲಿರುವವಳು ದೊಡ್ಡಕ್ಕನ ಸೊಸೆ. ಹೋದ ವರ್ಷ ದೊಡ್ಡಕ್ಕನ ಮಾತಿನ ಮೇಲೆಯೇ ಕೆಲಸಕ್ಕೆ ಸೇರಿದವಳು. ಅವಳು ಡಬ್ಬಗಳನ್ನು ಒಂದೊಂದಾಗಿ ನೆಲಕ್ಕಿಳಿಸಿದಳು, ಸ್ಟೂಲನ್ನು ಅಂಗೈಯಿಂದ ಒರೆಸಿದಳು, ಕೂತಳು. ಬಂದ ಗಿರಾಕಿಗೆ ಕೂತಲ್ಲಿಂದಲೇ ಗುಂಡಿ ತೋರಿಸಿದಳು. ಒಂದು ಕೈ ಕೌಂಟರಿನ ಮೇಲೆ, ಇನ್ನೊಂದು ಕೈ ಕೆಳಗೆ ಮೀನಖಂಡ ಉಜ್ಜುತ್ತಿತ್ತು.

"ಗಿರಾಕಿ ನಿಂತಿದ್ದಾಳೆ, ಇವಳು ಕೂತಿದ್ದಾಳೆ," ಎಂದ ಚಿಕ್ಕ ಯಜಮಾನ ನೊಂದ ದನಿಯಲ್ಲಿ.

"ಗಿರಾಕಿ ಏನಾದ್ರೂ ಅಂದ್ಲಾ?"

"ಏನೂ ಅನ್ನಲಿಲ್ಲ. ಗುಂಡಿ ತಗೊಂಡು ಹೋದ್ಲು. ಅದಲ್ಲ ವಿಷಯ ಅಕ್ಕ. ಇವತ್ತು ಗುಂಡಿ ಕೂತ್ರೆ ನಾಳೆ ಲೈನಿಂಗ್ ಕೂರುತ್ತೆ. ಆಮೇಲೆ ಯಾರನ್ನ ಹಿಡಿಯೋದು?"

ಅಂಗಡಿಯಲ್ಲಿ ಮನುಷ್ಯರನ್ನು ಕೌಂಟರಿನ ಹೆಸರಿನಿಂದ ಕರೆಯುವುದು ಹಳೆಯ ರೂಢಿ. ದೊಡ್ಡಕ್ಕನೂ ಒಂದು ಕಾಲದಲ್ಲಿ 'ಕೋಟುಬಟ್ಟೆ'ಯಾಗಿದ್ದವಳೇ.

"ನಾಳೆಯಿಂದಾಚೆ ಬರೋದು ಬೇಡ ಅಂತ ಹೇಳಿಬಿಡಿ. ನಾನೇ ಹೇಳಬಹುದು. ನಿಮ್ಮ ಸೊಸೆ, ನಾನು ಹೇಳಿದ್ರೆ ಚೆನ್ನಾಗಿರಲ್ಲ. ನೀವು ಹೇಳಿದ್ರೆ ಮನೆ ಮಾತು ಮನೇಲೇ ಉಳಿಯುತ್ತೆ." ಹಾಗೇ ಸೇರಿಸಿದ: "ಕಾರ್ಯಕ್ರಮ ಮುಗಿದ ಮೇಲೆ ಹೇಳಿ. ಈಗ್ಲೇ ಹೇಳಿದ್ರೆ ಫೋಟೋಗಳಲ್ಲೆಲ್ಲ ಮುಖ ಊದಿಸ್ಕೊಂಡಿರ್ತಾಳೆ."

ಆ ಬೀದಿಯ ಅಂಗಡಿ ಯಜಮಾನರೆಲ್ಲ ಸಂಜೆ ಒಂದೇ ಕಡೆ ಚಹಾ ಕುಡಿಯುವವರು. ಒಬ್ಬರು ಬಿಡಿಸಿದ ಹುಡುಗಿಯನ್ನು ಇನ್ನೊಬ್ಬರು ಇಟ್ಟುಕೊಳ್ಳುವುದಿಲ್ಲ. ಕೂತಳೆಂದು ಬಿಡಿಸಿದವಳನ್ನಂತೂ ಬಾಗಿಲೊಳಗೇ ಬಿಡುವುದಿಲ್ಲ. ದೊಡ್ಡಕ್ಕನ ಮಗ ಬಸ್ಸು ಓಡಿಸುತ್ತಿದ್ದ. ಡಿಪೋದವರು ಬಸ್ಸು ಕಡಿಮೆ ಮಾಡಿದ್ದರಿಂದ ಅವನು ಕೆಲಸಕ್ಕೆ ಹೋಗುವ ದಿನಗಳಿಗಿಂತ ಮನೆಯಲ್ಲಿ ಮಲಗಿರುವ ದಿನಗಳೇ ಹೆಚ್ಚಾಗಿದ್ದವು. ಸಂಸಾರ ನಿಂತಿದ್ದದ್ದು ಇಬ್ಬರು ಹೆಂಗಸರ ನಾಲ್ಕು ಕಾಲುಗಳ ಮೇಲೆ. ಅದರಲ್ಲಿ ಎರಡು ಹಳೆಯವು.

"ಆಗ್ಲಿ," ಎಂದಳು ದೊಡ್ಡಕ್ಕ. ಆ ಮನೆತನದವರಿಗೆ ಅವಳು ಅಷ್ಟು ವರ್ಷಗಳಿಂದ ಹೇಳಿಕೊಂಡು ಬಂದ ಮಾತು ಅದೊಂದೇ. ನಡುವೆ ಒಂದು ಚಳಿಗಾಲ ಬಿಟ್ಟು.

ಬಾಗಿಲ ಹತ್ತಿರ ಹೋದವಳನ್ನು ಅವನು ಕರೆದ. "ನಾನೂ ಅವತ್ತು ನಿಮ್ಮ ಪಕ್ಕದಲ್ಲೇ ಇದ್ದೆ ಅಲ್ವಾ ಅಕ್ಕ. ನಾಳೆ ಮಂತ್ರಿಗಳ ಎದುರಿಗೆ ಒಂದು ಮಾತು ಹೇಳಿ."

"ಇದ್ರಿ. ಕೌಂಟರಿನ ಕೆಳಗೆ, ನನ್ನ ಬಿಸ್ಕತ್ತು ತಿಂತಾ."

"ಅದನ್ನ ಬೇಕಾದ್ರೆ ಬಿಡಿ," ಎಂದ ಚಿಕ್ಕ ಯಜಮಾನ.

ಆ ದಿನದ ಕಥೆಯನ್ನು ದೊಡ್ಡಕ್ಕ ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಕೇಳಿದವರಿಗೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದ್ದಳು. ಒಬ್ಬಳ ಹೊರತು ಯಾರೂ ನಂಬಿರಲಿಲ್ಲ, ಅಷ್ಟೆ.

ಆಗ ಬಟ್ಟೆ ಅಳೆಯಲು ಕೋಲುಗಳಿದ್ದವು. ಗಟ್ಟಿ ಮರದವು, ಎರಡು ತುದಿಗೂ ಹಿತ್ತಾಳೆಯ ಕಟ್ಟು. ನೆಲಕ್ಕೆ ಬಿದ್ದರೆ ಠಣ್ಣೆಂದು ಮಹಡಿಯೆಲ್ಲ ಕೇಳುತ್ತಿತ್ತು. ಕೌಂಟರುಗಳು ಎದೆಮಟ್ಟದವು. ಕೂರುವುದಿರಲಿ, ಗೋಡೆಗೆ ಒರಗಿದರೂ ದೊಡ್ಡ ಯಜಮಾನರ ಗಂಟಲು ಕೆರೆತ ಕೇಳಿಸುತ್ತಿತ್ತು. ಕಾಲು ಕಿತ್ತುಹೋಗುವ ಹಾಗಾದಾಗ ಹುಡುಗಿಯರು ಕೋಲು ಬೀಳಿಸುತ್ತಿದ್ದರು. ಬಿದ್ದ ಕೋಲನ್ನು ಎತ್ತಿಕೊಳ್ಳಲೇಬೇಕಲ್ಲ. ಕುಕ್ಕರಗಾಲಲ್ಲಿ ಕೂತು, ಕೋಲು ಎಲ್ಲೋ ಉರುಳಿಹೋಯಿತೆಂಬಂತೆ ಸ್ವಲ್ಪ ತಡಕಾಡಿ, ನಾಲ್ಕು ಉಸಿರು ಎಳೆದುಕೊಂಡು ಏಳುವುದು. ಅದಕ್ಕೂ ಸರದಿ ಇತ್ತು. ಒಬ್ಬಳ ಕೋಲು ಬಿದ್ದ ತಕ್ಷಣ ಇನ್ನೊಬ್ಬಳದು ಬೀಳಬಾರದು. ಬಿದ್ದರೆ ಯಜಮಾನರಿಗೆ ಅನುಮಾನ ಬರುತ್ತದೆ. ಹೊಸದಾಗಿ ಸೇರಿದವಳಿಗೆ ಬಟ್ಟೆ ಅಳೆಯುವುದನ್ನು ಕಲಿಸುವ ಮೊದಲು ಇದನ್ನು ಕಲಿಸುತ್ತಿದ್ದರು.

ಈ ಸರದಿಯನ್ನು ತಲೆಕೆಳಗು ಮಾಡುವ ಉಪಾಯ ಹೊಳೆದದ್ದು ಪರದೆ ಕೌಂಟರಿನ ಗೆಳತಿಗೆ. ಎಲ್ಲರೂ ಅವಳನ್ನು 'ಪರದೆ' ಎಂದೇ ಕರೆಯುತ್ತಿದ್ದರು. ಒಂದು ದಿನ ಒಬ್ಬಳ ಕೋಲು ಬೀಳುತ್ತದೆ, ಅವಳು ಏಳುವುದಿಲ್ಲ, ಆಗ ಉಳಿದವರೂ ಬೀಳಿಸಿ ಕೂತುಬಿಡಬೇಕು, ಸ್ಟೂಲು ಕೊಡುವವರೆಗೆ ಯಾರೂ ಏಳಬಾರದು. ದಿನವನ್ನೂ ಅವಳೇ ಗೊತ್ತುಮಾಡಿದ್ದಳು. ಮುಂದಿನ ವಾರ, ವರ್ಷದ ದೊಡ್ಡ ಮಾರಾಟದ ದಿನ, ಅಂಗಡಿಯಲ್ಲಿ ಕಾಲಿಡಲು ಜಾಗವಿರದ ಹೊತ್ತಿಗೆ. ಮೊದಲ ಕೋಲು ತನ್ನದೇ ಎಂದೂ ಹೇಳಿದ್ದಳು.

ಆದದ್ದು ಬೇರೆ. ಒಂದು ಸಾಧಾರಣ ಮಧ್ಯಾಹ್ನ, ಊಟದ ನಂತರದ ಮಂಪರಿನಲ್ಲಿ, ಕೋಟುಬಟ್ಟೆಯ ಹುಡುಗಿ ತನ್ನ ಸರದಿಯ ಕೋಲು ಬೀಳಿಸಿದಳು, ಕೂತಳು, ಏಳಲು ಹೋದಾಗ ಮೀನಖಂಡ ಹಿಡಿದುಕೊಂಡಿತು. ಕಾಲೊಳಗೆ ಯಾರೋ ಹಗ್ಗ ತಿರುಚಿದಂತಾಗಿ ಹಲ್ಲು ಕಚ್ಚಿ ಅಲ್ಲೇ ಕುಸಿದಳು. ಪಕ್ಕದವಳು ನೋಡಿದಳು: ಕೋಲು ಬಿದ್ದಿದೆ, ಇವಳು ಏಳುತ್ತಿಲ್ಲ. ಅವಳೂ ಕೋಲು ಬೀಳಿಸಿದಳು. ಆಚೆಯವಳೂ. ಠಣ್, ಠಣ್ ಎಂದು ಕೋಲುಗಳು ಮಹಡಿಯ ಉದ್ದಕ್ಕೂ ಬೀಳುತ್ತಾ ಹೋದವು. ಪ್ಯಾಂಟಿನ ಬಟ್ಟೆ ಕೊಳ್ಳಲು ಬಂದಿದ್ದ ಪತ್ರಿಕೆಯ ಫೋಟೋದವನೊಬ್ಬ ಕೊರಳಲ್ಲಿದ್ದ ಕ್ಯಾಮೆರಾ ಎತ್ತಿದ. ಆ ಫೋಟೋದಲ್ಲಿ ಹಲ್ಲು ಕಚ್ಚಿದ ಹುಡುಗಿಯ ಹಿಂದೆ ಬಾಯಿ ತೆರೆದು ಕೈ ಎತ್ತಿದ ಇನ್ನೊಬ್ಬಳಿದ್ದಾಳೆ. 'ಘೋಷಣೆ ಕೂಗುತ್ತಿರುವ ಸಂಗಾತಿ' ಎಂದು ಪಠ್ಯಪುಸ್ತಕದಲ್ಲಿ ಹಾಕಿದ್ದಾರೆ. ಅವಳು ಪರದೆ. ಕೂಗುತ್ತಿದ್ದದ್ದು, "ಇವತ್ತಲ್ಲ ಕಣೆ, ಇವತ್ತಲ್ಲ!" ಎಂದು.

ಮರುದಿನ ಬೀದಿಯ ಅಂಗಡಿಗಳಲ್ಲೆಲ್ಲ ಹೆಂಗಸರು ಕೂತರು. ಆಮೇಲೆ ಅಂಚೆ ಕಚೇರಿಯವರು, ಆಸ್ಪತ್ರೆಯ ಆಯಾಗಳು, ಗಿರಣಿಯವರು, ಕಂಡಕ್ಟರುಗಳು. ಗಂಡಸರೂ ಕೂತರು, ಅವರಿಗೆ ಕೂರಲು ಬೇರೆ ಬೇರೆ ಕಾರಣಗಳಿದ್ದವು. ಚಳಿಗಾಲ ಮುಗಿಯುವ ಹೊತ್ತಿಗೆ ಊರಿಗೆ ಊರೇ ಬೀದಿಯಲ್ಲಿ ಕೂತಿತ್ತು, ನಿಂತಿದ್ದದ್ದು ಸರ್ಕಾರ ಮಾತ್ರ. ಅದೂ ಬಿತ್ತು. ಲಾಠಿಯ ಏಟು ಬಿದ್ದದ್ದು, ಪರದೆ ಜೈಲಿನಲ್ಲಿ ಕೆಮ್ಮು ಹತ್ತಿಸಿಕೊಂಡು ಬಂದದ್ದು, ಕೆಲವರು ಬಾರದೇ ಹೋದದ್ದು ಎಲ್ಲ ಆ ಚಳಿಗಾಲದೊಳಗೇ ಬಂತು. ಕಾನೂನು ಬಂದ ವಾರ ದೊಡ್ಡ ಯಜಮಾನರು ಸ್ಟೂಲುಗಳನ್ನು ತರಿಸಿದರು. ಅದೇ ವಾರ ಕೋಲುಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡು, ಕೌಂಟರಿನ ಅಂಚಿಗೆ ಹಿತ್ತಾಳೆ ಪಟ್ಟಿ ಬಡಿಸಿದರು. ಇನ್ನು ಬೀಳಿಸಲು ಯಾರ ಕೈಯಲ್ಲೂ ಏನೂ ಇರಲಿಲ್ಲ.

"ಒಂದು ವಾರ ತಡ್ಕೊಂಡಿದ್ರೆ ಕೋಲೂ ಉಳೀತಿತ್ತು, ಸ್ಟೂಲೂ ಸಿಗ್ತಿತ್ತು," ಎಂದು ಪರದೆ ಕೊನೆಯವರೆಗೂ ಅನ್ನುತ್ತಿದ್ದಳು. "ನಿನ್ನ ಕಾಲಿಗೆ ಅಷ್ಟೂ ತಾಳ್ಮೆ ಇಲ್ವಲ್ಲೇ." ಕಳೆದ ಬೇಸಿಗೆಯಲ್ಲಿ ಕೆಮ್ಮಿನಲ್ಲೇ ಹೋದಳು. ಕಾಲು ಹಿಡಿದುಕೊಂಡ ಕಥೆಯನ್ನು ನಂಬಿದವಳು ಅವಳೊಬ್ಬಳೇ. ಉಳಿದವರು ಅದನ್ನು ದೊಡ್ಡಕ್ಕನ ವಿನಯ ಎಂದುಕೊಂಡು ಅವಳನ್ನು ಇನ್ನಷ್ಟು ಗೌರವಿಸಿದರು.

ಚಿಕ್ಕ ಯಜಮಾನ ಕರೆಸಿದ ದಿನವೇ ಮಧ್ಯಾಹ್ನ, ಮರುದಿನದ ಕಾರ್ಯಕ್ರಮದ ಅಭ್ಯಾಸವಿತ್ತು. ಕಾರ್ಯಕ್ರಮ ನಡೆಸಿಕೊಡುವ ಕಂಪನಿಯಿಂದ ಒಬ್ಬಳು ಬಂದಿದ್ದಳು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಯಾರ ಜೊತೆ ಮಾತಾಡುತ್ತಿದ್ದಾಳೆ ಎನ್ನುವುದು ಯಾರಿಗೂ ತಿಳಿಯದ ಹಾಗೆ ಮಾತಾಡುತ್ತಿದ್ದಳು. ಬಡಗಿಯಿಂದ ಹೊಸ ಕೋಲು ಮಾಡಿಸಿದ್ದರು. ಮೆರುಗೆಣ್ಣೆ ಹಚ್ಚಿ ಥಳಥಳಿಸುತ್ತಿದ್ದ ಅದನ್ನು ದೊಡ್ಡಕ್ಕ ಬೀಳಿಸಿದಾಗ ಯಾರೋ ಚಪ್ಪಲಿ ಬಿಟ್ಟ ಹಾಗೆ ಶಬ್ದವಾಯಿತು.

"ಪರವಾಗಿಲ್ಲ, ಶಬ್ದ ನಾವು ಸ್ಪೀಕರಲ್ಲಿ ಹಾಕ್ತೀವಿ. ನೀವು ಬೀಳಿಸಿ ಸಾಕು," ಎಂದಳು ಕಂಪನಿಯವಳು. "ನೋಡಿ, ದೊಡ್ಡಕ್ಕ ಕೂರ್ತಾರೆ. ಆಮೇಲೆ ಎಲ್ಲರೂ ಕೂರಬೇಕು. ಮಂತ್ರಿಗಳು ಮಾತಾಡ್ತಾರೆ, ಫೋಟೋ ಆಗುತ್ತೆ. ದೊಡ್ಡಕ್ಕ ಎದ್ದ ಮೇಲೆ ಎಲ್ಲರೂ ಒಟ್ಟಿಗೆ ಏಳಬೇಕು. ಅವರು ಏಳೋ ಮೊದಲು ಒಬ್ಬರೂ ಏಳಕೂಡದು. ಒಬ್ಬೊಬ್ಬರೇ ಎದ್ರೆ ನೋಡೋಕೆ ಚೆನ್ನಾಗಿರಲ್ಲ. ಗೊತ್ತಾಯ್ತಾ?"

"ಕೂತಾಗ ಕಾಲು ಚಾಚಬಹುದಾ?" ಎಂದು ಗುಂಡಿ ಕೌಂಟರಿನಿಂದ ಸೊಸೆ ಕೇಳಿದಳು.

"ಚಾಚಿದ್ರೆ ಇನ್ನೂ ಸಹಜವಾಗಿರುತ್ತೆ."

"ಹಾಗಾದ್ರೆ ಇನ್ನೊಂದು ಸಲ ಅಭ್ಯಾಸ ಮಾಡೋಣ ಮೇಡಂ. ನನಗೆ ಸರಿಯಾಗಿ ಬರ್ತಿಲ್ಲ."

ಹುಡುಗಿಯರು ಕಿಸಕ್ಕೆಂದರು. ಮೇಲಿನ ಕೋಣೆಯ ಗಾಜಿನ ಹಿಂದೆ ಚಿಕ್ಕ ಯಜಮಾನನ ನೆರಳು ಕದಲಿತು. ದೊಡ್ಡಕ್ಕ ಸೊಸೆಯನ್ನು ಗದರಬೇಕಿತ್ತು. ಗದರಲಿಲ್ಲ. ಬಗ್ಗಿ ಕೋಲು ಎತ್ತಿಕೊಂಡಳು.

ಅವರ ಮನೆ ಹಳೆಯ ಕಟ್ಟಡವೊಂದರ ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿತ್ತು. ಲಿಫ್ಟಿನ ಬಾಗಿಲಿಗೆ ಅಡ್ಡ ಹಲಗೆ ಬಡಿದು ಎಷ್ಟೋ ಕಾಲವಾಗಿ, ಆ ಹಲಗೆಯೇ ಹಳತಾಗಿತ್ತು. ಸಂಜೆ ಅತ್ತೆ ಸೊಸೆ ಇಬ್ಬರೂ ಒಂದೊಂದು ತಿರುವಿನಲ್ಲಿ ನಿಂತು, ಒಬ್ಬರಿಗೊಬ್ಬರು ಕಾಯುತ್ತಿರುವಂತೆ ನಟಿಸುತ್ತಾ ಮೇಲೆ ಹತ್ತಿದರು. ಮಗ ಒಳಗೆ ಮಲಗಿದ್ದ. ಅವನ ಗೊರಕೆಯಲ್ಲೂ ಗೇರು ಬದಲಾಯಿಸುವ ಸದ್ದಿತ್ತು.

ಸೊಸೆ ಚಹಾ ಸೋಸಿ ತಂದು, ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಕಾಲು ಚಾಚಿದಳು. ಮೀನಖಂಡದ ಮೇಲೆ ನರಗಳು ನೀಲಿ ಗಂಟು ಕಟ್ಟಿದ್ದವು. ದೊಡ್ಡಕ್ಕನ ಕಾಲಿನ ಮೇಲೆ ಇದ್ದ ಹಾಗೆಯೇ. ರಕ್ತಸಂಬಂಧವಿಲ್ಲದ ಇಬ್ಬರ ನಡುವೆ ಇಷ್ಟು ಹೋಲಿಕೆ ತರಲು ಅಂಗಡಿಗೆ ಹೆಚ್ಚು ದಿನ ಬೇಕಾಗಿರಲಿಲ್ಲ.

"ಹೇಳಿಬಿಡಿ ಅತ್ತೆ," ಎಂದಳು ಸೊಸೆ.

"ಏನನ್ನ?"

"ಬೆಳಿಗ್ಗೆ ಮೇಲಿನ ಕೋಣೆಗೆ ಹೋಗಿ ಬಂದಾಗಿನಿಂದ ಬಾಯಲ್ಲಿ ಏನೋ ಇಟ್ಕೊಂಡೇ ಓಡಾಡ್ತಿದೀರ. ನುಂಗಿ, ಇಲ್ಲ ಉಗೀರಿ."

ದೊಡ್ಡಕ್ಕ ಚಹಾ ಆರಲೆಂದು ಊದಿದಳು. ಆರಿದ ಮೇಲೂ ಊದಿದಳು. ಆಮೇಲೆ ಹೇಳಿದಳು. ಕ್ಯಾಮೆರಾದ ವಿಷಯ, ಗಿರಾಕಿ ನಿಂತಿದ್ದ ವಿಷಯ, ನಾಳೆ ಕಾರ್ಯಕ್ರಮ ಮುಗಿದ ಮೇಲಿನ ವಿಷಯ.

ಸೊಸೆ ಅಳಲಿಲ್ಲ. ಅಳುವುದಕ್ಕಿಂತ ಲೆಕ್ಕ ಹಾಕುವುದೇ ಅವಳ ಸ್ವಭಾವ. "ಅಂದ್ರೆ ನಾಳೆ ಫೋಟೋಗೆ ಕೂರಬೇಕು. ನಾಡಿದ್ದು, ಕೂತಿದ್ದಕ್ಕೆ ಮನೆಗೆ ಹೋಗಬೇಕು."

"ಹಾಗೇ ಅನ್ಕೋ."

"ನಿಮ್ಮ ಕಾನೂನಲ್ಲೇ ಕೂತಿದ್ದು ಅತ್ತೆ ನಾನು. ಶಾಲೇಲಿ ಓದಿದ್ದೆ. ಪರೀಕ್ಷೇಲೂ ಬಂದಿತ್ತು. ನಿಮ್ಮ ಫೋಟೋ ಗುರುತು ಹಿಡಿದು ಬರೀಬೇಕಿತ್ತು. ಮದುವೆಗೆ ಮೊದಲು ನಿಮ್ಮನೆ ಅಂತ ಗೊತ್ತಾದಾಗ ನಮ್ಮಮ್ಮ ಏನಂದ್ಲು ಗೊತ್ತಾ? ಆ ಅತ್ತೆ ಆದ್ರೆ ನಿನ್ನ ಕಾಲಿಗೆ ರೆಸ್ಟ್ ಸಿಗುತ್ತೆ ಅಂದ್ಲು."

"ಪಾಪ, ನಿಮ್ಮಮ್ಮ."

"ನಾನೂ ಹಾಗೇ ಅಂತೀನಿ."

ಇಬ್ಬರೂ ಸ್ವಲ್ಪ ನಕ್ಕರು, ಒಳಗಿನ ಗೊರಕೆ ಕೆಡದಷ್ಟು. ನಗು ಮುಗಿದ ಮೇಲೆ ಸೊಸೆ ಲೋಟದ ತಳ ನೋಡುತ್ತಾ ಕೇಳಿದಳು. "ನೀವೇನಂದ್ರಿ ಅವರಿಗೆ?"

"ಆಗ್ಲಿ ಅಂದೆ."

ಸೊಸೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ದೊಡ್ಡಕ್ಕನಿಗೆ ಸುಲಭವಾಗುತ್ತಿತ್ತು. ಅವಳು ಬೈಯಲಿಲ್ಲ. ನೀರು ಬಿಟ್ಟು ಲೋಟ ತೊಳೆದಳು, ಒಂದೇ ಲೋಟವನ್ನು ತುಂಬಾ ಹೊತ್ತು. ದೊಡ್ಡಕ್ಕ ಕೂತಲ್ಲೇ ಯೋಚಿಸಿದಳು. ಇವಳು ಕೆಲಸ ಕಳೆದುಕೊಂಡರೆ ಬಾಡಿಗೆಗೆ, ಅಡಿಗೆಗೆ ಏನು ಎಂದು ಯೋಚಿಸಲು ಹೊರಟವಳು, ಇವಳಿಗೆ ನಾನು ನಾಳೆಯಿಂದ ಯಾವ ಮುಖ ತೋರಿಸಲಿ ಎಂಬಲ್ಲಿಗೆ ಬಂದು ನಿಂತಳು. ಮುಖ ತೋರಿಸದೇ ಇರಲು ಆ ಮನೆಯಲ್ಲಿ ಇನ್ನೊಂದು ಕೋಣೆಯೂ ಇರಲಿಲ್ಲ.

ಮರುದಿನ ಅಂಗಡಿಗೆ ಹೂಮಾಲೆ, ಬಾಗಿಲಿಗೆ ಕೆಂಪು ಹಾಸು. ಗಿರಾಕಿಗಳನ್ನು ಹೊರಗೆ ಗಾಜಿನಾಚೆ ನಿಲ್ಲಿಸಿದ್ದರು. ಮಂತ್ರಿಗಳು ಬಂದರು, ದೊಡ್ಡಕ್ಕನ ಎರಡೂ ಕೈ ಹಿಡಿದುಕೊಂಡು, "ಅವತ್ತು ನಾನೂ ಇದೇ ಅಂಗಡೀಲಿದ್ದೆ ತಾಯಿ, ನಿಮ್ಮ ಹಿಂದೇನೇ," ಎಂದರು. ವರ್ಷ ವರ್ಷವೂ ಯಾರಾದರೊಬ್ಬರು ಈ ಮಾತು ಹೇಳುವವರೇ. ಹೇಳಿದವರೆಲ್ಲ ಅವತ್ತು ನಿಜವಾಗಿ ಅಲ್ಲಿದ್ದಿದ್ದರೆ ಮಹಡಿ ಕುಸಿದು ಚಳವಳಿ ಅಲ್ಲಿಗೇ ಮುಗಿಯುತ್ತಿತ್ತು.

"ಹೌದಾ ಸ್ವಾಮಿ. ಗುರುತು ಸಿಗಲಿಲ್ಲ, ಕ್ಷಮಿಸಿ," ಎಂದಳು ದೊಡ್ಡಕ್ಕ.

ಕಂಪನಿಯವಳು ಬೆರಳೆತ್ತಿದಳು. ದೊಡ್ಡಕ್ಕ ಕೋಲು ಬಿಟ್ಟಳು. ಅದು ನೆಲ ಮುಟ್ಟಿ ಸುಮ್ಮನಾದ ಮೇಲೆ ಸ್ಪೀಕರಿನಿಂದ ಠಣ್ಣೆಂದಿತು. ಅವಳು ಕೌಂಟರು ಹಿಡಿದುಕೊಂಡು, ಒಂದು ಮಂಡಿ, ಆಮೇಲೆ ಇನ್ನೊಂದು ಮಂಡಿ ಮಡಿಸಿ ನೆಲಕ್ಕಿಳಿದಳು. ಮಹಡಿಯ ಉದ್ದಕ್ಕೂ ಹುಡುಗಿಯರು ಕೂತರು. ಮಂತ್ರಿಗಳು ನಿಂತು ಮಾತಾಡಿದರು. ನಿಲ್ಲುವವರ ನೋವನ್ನು ಕುರಿತು ಅವರು ತುಂಬಾ ಹೊತ್ತು ನಿಂತರು.

ನೆಲದ ಮೇಲಿಂದ ನೋಡಿದರೆ ಅಂಗಡಿ ಬೇರೆಯೇ. ಕೌಂಟರುಗಳ ಕೆಳಗಿನ ಸಂದಿಯಲ್ಲಿ ದೊಡ್ಡಕ್ಕನಿಗೆ ಆ ಸಾಲಿನ ಕಾಲುಗಳೆಲ್ಲ ಕಾಣುತ್ತಿದ್ದವು. ಹುಡುಗಿಯರು ಚಪ್ಪಲಿ ಕಳಚಿ ಕಾಲು ಚಾಚಿದ್ದರು. ಹಿಮ್ಮಡಿಯ ಬಿರುಕು, ಬೆರಳಿನ ಆಣಿ, ಊದಿದ ಹರಡು. ಎಲ್ಲಕ್ಕಿಂತ ಆಚೆ ಸೊಸೆಯ ನೀಲಿ ಗಂಟುಗಳು. ಅವಳು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ಅಭಿನಯವಾಗಿದ್ದರೆ ಬಹಳ ಚೆನ್ನಾಗಿತ್ತು.

ಭಾಷಣ ಮುಗಿದು, ಫೋಟೋ ಮುಗಿದು, ಮಂತ್ರಿಗಳು ಇನ್ನೊಂದು ಕಾರ್ಯಕ್ರಮಕ್ಕೆ ತಡವಾಯಿತೆಂದು ಹೊರಟರು. ಟೀವಿಯವನೊಬ್ಬ ವೈರು ಸುತ್ತಿಕೊಳ್ಳುತ್ತಾ ಹಿಂದೆ ಉಳಿದ. ಚಿಕ್ಕ ಯಜಮಾನ ಮಂತ್ರಿಗಳನ್ನು ಬಾಗಿಲವರೆಗೆ ಬಿಟ್ಟು ಬಂದು ಚಪ್ಪಾಳೆ ತಟ್ಟಿದ.

"ಏಳಿ, ಏಳಿ. ಗಿರಾಕಿಗಳು ಕಾಯ್ತಿದಾರೆ."

ಹುಡುಗಿಯರು ಏಳಲಿಲ್ಲ. ಎಲ್ಲರೂ ದೊಡ್ಡಕ್ಕನ ಕಡೆ ನೋಡಿದರು. ಅವರು ಏಳುವ ಮೊದಲು ಒಬ್ಬರೂ ಏಳಕೂಡದೆಂದು ಹೇಳಿದ್ದರಲ್ಲ.

ಅವಳ ಕಾಲು ಕೂರುವಾಗ ಒಮ್ಮೆ ಚುಳುಕೆಂದಿತ್ತು. ಈಗ ಬಿಟ್ಟಿತ್ತು. ಕೌಂಟರು ಹಿಡಿದು ಎದ್ದರೆ ಏಳಬಹುದಿತ್ತು. ಎದ್ದರೆ ಎಲ್ಲರೂ ಏಳುತ್ತಾರೆ, ಬಾಗಿಲು ತೆರೆಯುತ್ತದೆ, ಸಂಜೆಯಾಗುತ್ತದೆ, ಸೊಸೆ ಚೀಲ ಎತ್ತಿಕೊಂಡು ಮೆಟ್ಟಿಲಿಳಿಯುತ್ತಾಳೆ. ದೊಡ್ಡಕ್ಕ ತಲೆ ಎತ್ತಿದಳು. ಗೋಡೆಯ ಫೋಟೋದಲ್ಲಿ ಪರದೆ ಬಾಯಿ ತೆರೆದು ನಿಂತಿದ್ದಳು, ಇವತ್ತಲ್ಲ ಕಣೆ ಎಂದು. ನಿನಗೆ ಯಾವತ್ತೂ ಇವತ್ತಲ್ಲ ಎಂದುಕೊಂಡಳು ದೊಡ್ಡಕ್ಕ. ಹೀಗೇ ಮುಂದಿನ ವಾರ ಮುಂದಿನ ವಾರ ಎನ್ನುತ್ತಾ ಇಬ್ಬರೂ ಮುದುಕಿಯರಾದೆವು.

ಚಿಕ್ಕ ಯಜಮಾನ ಹತ್ತಿರ ಬಂದು ಬಗ್ಗಿದ. "ಅಕ್ಕ? ಏನಾಯ್ತು?"

"ಕಾಲು ಹಿಡ್ಕೊಂಡಿದೆ."

"ಅಯ್ಯೋ. ಎಬ್ಬಿಸ್ಲಾ?"

"ಮುಟ್ಟಬೇಡಿ. ಮುಟ್ಟಿದ್ರೆ ಜಾಸ್ತಿ ಆಗುತ್ತೆ."

ಅವನು ಪೂರ್ತಿ ನಂಬಿದ. ಪರದೆಯನ್ನು ಬಿಟ್ಟರೆ ಜೀವಮಾನದಲ್ಲಿ ಮೊದಲ ಸಲ ಯಾರೋ ಅವಳ ಕಾಲಿನ ಮಾತನ್ನು ನಂಬಿದ್ದರು, ಅದೂ ಸುಳ್ಳು ಹೇಳಿದಾಗ. "ಎಷ್ಟೊತ್ತಿಗೆ ಸರಿಯಾಗುತ್ತೆ?"

"ಹೇಳೋಕಾಗಲ್ಲ. ಹಿಂದಿನ ಸಲ ಚಳಿಗಾಲ ಪೂರ್ತಿ ಬೇಕಾಯ್ತು."

ಲೈನಿಂಗಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಚಿಕ್ಕ ಯಜಮಾನನ ಮುಖದಿಂದ ಮರುಕ ಮೆಲ್ಲಗೆ ಇಳಿಯಿತು. ಅವನು ಗಾಜಿನಾಚೆ ನೋಡಿದ. ಗಿರಾಕಿಗಳು ಗಾಜಿಗೆ ಮೂಗು ಒತ್ತಿ ಒಳಗೆ ನೋಡುತ್ತಿದ್ದರು. ಟೀವಿಯವನು ವೈರು ಸುತ್ತುವುದನ್ನು ನಿಲ್ಲಿಸಿದ್ದ.

"ಅಕ್ಕ, ಇದೆಲ್ಲ ಈಗ್ಯಾಕೆ," ಎಂದ ದನಿ ತಗ್ಗಿಸಿ. ಬಗ್ಗಿ ಮಾತಾಡಿ ಸೊಂಟ ನೋಯುತ್ತಿದ್ದಿರಬೇಕು, ಒಂದು ಮಂಡಿ ಊರಿದ. ಚಿಕ್ಕವನಾಗಿದ್ದಾಗ ಬಿಸ್ಕತ್ತು ಕೇಳಲು ಬರುತ್ತಿದ್ದದ್ದೂ ಅಷ್ಟೇ ಎತ್ತರದಲ್ಲಿ.

"ಗುಂಡಿ ಕೌಂಟರಿನ ಸ್ಟೂಲಿನ ಮೇಲೆ ಡಬ್ಬಗಳಿವೆ. ಅವನ್ನ ಇಳಿಸಿದ್ರೆ ನರ ಸ್ವಲ್ಪ ಸಡಿಲ ಆಗಬಹುದು."

"ಅಷ್ಟೇನಾ?"

"ನಿನ್ನೆ ನೀವು ಸೊಸೆಗೆ ಒಂದು ಮಾತು ಹೇಳಿ ಅಂದಿದ್ರಿ. ಅದು ನನ್ನ ಬಾಯಲ್ಲಿ ಬರಲ್ಲ."

"ಆಗ್ಲಿ ಅಂದಿದ್ರಲ್ಲ."

"ಅಂದಿದ್ದೆ. ಅಭ್ಯಾಸ."

"ನಾಳೆ ಕೂತು ಮಾತಾಡೋಣ."

"ನಾಳೆವರೆಗೂ ಇಲ್ಲೇ ಕೂತಿರ್ತೀನಿ ಬಿಡಿ. ನಿಮಗೂ ನನ್ನ ಹುಡುಕೋ ಕೆಲಸ ಇರಲ್ಲ."

ಚಿಕ್ಕ ಯಜಮಾನ ತಂದೆಯ ಹಾಗೆ ಗಂಟಲು ಕೆರೆದುಕೊಳ್ಳಲು ನೋಡಿದ. ಅದೂ ಸರಿಯಾಗಿ ಬರಲಿಲ್ಲ. ಗೋಡೆಯ ಫೋಟೋ, ನೆಲದ ಮೇಲಿನ ಮುದುಕಿ, ಟೀವಿಯವನ ಕೈಯಲ್ಲಿ ಮತ್ತೆ ಮೇಲೇಳುತ್ತಿದ್ದ ಕ್ಯಾಮೆರಾ, ಮೂರನ್ನೂ ಒಂದು ಸುತ್ತು ನೋಡಿದ. ಆಮೇಲೆ ಎದ್ದು ಗುಂಡಿ ಕೌಂಟರಿಗೆ ಹೋಗಿ, ತಾನೇ ಡಬ್ಬಗಳನ್ನು ಎದೆಗವಚಿಕೊಂಡು ಎತ್ತಿದ. ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಲೈನಿಂಗಿನ ಸ್ಟೂಲಿನ ಮೇಲೆ ಗಂಟಿತ್ತು, ಪರದೆಯ ಸ್ಟೂಲಿನ ಮೇಲೆ ಹೂಕುಂಡವಿತ್ತು. ಇಡೀ ಮಹಡಿಯಲ್ಲಿ ಖಾಲಿ ಆಸನವೆಂದರೆ ಗಲ್ಲಾದ ಹಿಂದಿನ ಅವನದೇ ಕುರ್ಚಿ. ಡಬ್ಬಗಳು ಅಲ್ಲಿ ಕೂತವು.

"ನೀನು ನಿನ್ನ ಜಾಗಕ್ಕೆ ಹೋಗಮ್ಮ," ಎಂದ ಸೊಸೆಗೆ. ಯಾರ ಕಡೆಯೂ ನೋಡದೆ ಸೇರಿಸಿದ: "ನಾಳೆನೂ ಬಾ."

"ಕೂರಬಹುದಾ ಸಾರ್?" ಎಂದಳು ಸೊಸೆ. ಅವಳಿಗೆ ಬಾಯಿ ಮುಚ್ಚಿಕೊಂಡಿರುವುದು ಹುಟ್ಟಿನಿಂದ ಬಂದದ್ದಲ್ಲ.

"ಗಿರಾಕಿ ಇಲ್ಲದಾಗ," ಎಂದ. ಟೀವಿಯವನನ್ನು ನೋಡಿ, "ಇದ್ದಾಗ್ಲೂ," ಎಂದ.

ಸೊಸೆ ಹೋಗಿ ಸ್ಟೂಲು ಒರೆಸಿ ಕೂತಳು. ಉಳಿದ ಸ್ಟೂಲುಗಳ ಮೇಲೆ ಗಂಟೂ ಹೂಕುಂಡವೂ ಇದ್ದ ಹಾಗೆಯೇ ಇದ್ದವು. ಪರದೆ ಕೌಂಟರಿನ ಹುಡುಗಿ ಮಾತ್ರ, ನೆಲದ ಮೇಲೆ ಕೂತಲ್ಲಿಂದಲೇ ತನ್ನ ಹೂಕುಂಡವನ್ನು ಮೊದಲ ಬಾರಿಗೆ ನೋಡುವವಳಂತೆ ನೋಡುತ್ತಿದ್ದಳು. ಅವಳ ಅಜ್ಜಿಯ ಕಾಲದಲ್ಲಿ ಆ ಕೌಂಟರಿನಲ್ಲಿ ಯಾರಿದ್ದರೆಂದು ಅವಳಿಗೆ ಗೊತ್ತಿರಲಿಲ್ಲ. ಹೇಳಬೇಕು ಎಂದುಕೊಂಡಳು ದೊಡ್ಡಕ್ಕ. ಇವತ್ತಲ್ಲ.

ಚಿಕ್ಕ ಯಜಮಾನ ಬಾಗಿಲು ತೆರೆಸಲು ಹೋದ. ದೊಡ್ಡಕ್ಕ ಕೌಂಟರಿನ ಅಂಚಿನ ಹಿತ್ತಾಳೆ ಪಟ್ಟಿ ಹಿಡಿದು ಏಳಲು ನೋಡಿದಳು. ಅರ್ಧ ಎದ್ದಿದ್ದಳು. ಮೀನಖಂಡದೊಳಗೆ ಯಾರೋ ಹಗ್ಗ ತಿರುಚಿದರು. ಅದೇ ಕಾಲು, ಅದೇ ಜಾಗ. ಹಲ್ಲು ಕಚ್ಚಿ ಮತ್ತೆ ನೆಲಕ್ಕೆ ಕುಸಿದಳು.

ಗಿರಾಕಿಗಳು ಒಳಗೆ ಬರತೊಡಗಿದರು. ನೆಲದ ಮೇಲಿದ್ದ ಹುಡುಗಿಯರು ಇವಳನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು, ಇನ್ನಷ್ಟು ಭದ್ರವಾಗಿ ಕೂತರು. ಲೈನಿಂಗಿನವಳು ಗೋಡೆಗೆ ಬೆನ್ನು ಕೊಟ್ಟು ಕಾಲಿನ ಮೇಲೆ ಕಾಲು ಹಾಕಿದಳು.

ಸೊಸೆ ಓಡಿ ಬಂದು ಕಿವಿಯ ಹತ್ತಿರ ಬಗ್ಗಿದಳು. "ಸಾಕು ಅತ್ತೆ, ಎಲ್ಲ ಆಯ್ತಲ್ಲ. ಏಳಿ. ಇನ್ನೂ ನಾಟಕ ಮಾಡಿದ್ರೆ 'ನಾಳೆನೂ ಬಾ' ಅಂದಿದ್ದನ್ನ ವಾಪಸ್ ತಗೊಂಡಾರು."

"ನಾಟಕ ಅಲ್ಲ ಕಣೆ. ನಿಜವಾಗ್ಲೂ ಹಿಡ್ಕೊಂಡಿದೆ."

ಸೊಸೆ ಅತ್ತೆಯ ಮುಖ ನೋಡಿದಳು, ತಲೆ ಎತ್ತಿ ಗೋಡೆಯ ಫೋಟೋ ನೋಡಿದಳು, ಮತ್ತೆ ಅತ್ತೆಯ ಮುಖ ನೋಡಿದಳು.

"ಆಯ್ತು ಬಿಡಿ," ಎಂದಳು, ಒಂದಿಷ್ಟೂ ನಂಬದೆ. ಆದರೂ ಪಕ್ಕದಲ್ಲಿ ಕೂತು, ಅತ್ತೆಯ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಉಜ್ಜತೊಡಗಿದಳು.